ಮೂರು ಊರು, ಹನ್ನೊಂದು ಮಷಿನ್, ಒಂದೇ ಗುಂಡಿ

ನಿವೃತ್ತಳಾಗಿ ಮನೆಯಲ್ಲಿ ಕುಳಿತ ಮೇಲೂ ಕಂಪನಿಯ ಹೊಸ ಹುಡುಗಿಯರ ಫೋನು ನನಗೆ ತಪ್ಪಿಲ್ಲ. ಮಷಿನ್ನಿಗೆ ಬರೆದ ಅಪ್ಪಣೆಗಳ ಸ್ಕ್ರಿಪ್ಟ್ ಎಲ್ಲಿ ಸಿಕ್ಕಿಬಿದ್ದಿದೆ, ಯಾವ ಸಾಲು ತಿದ್ದಬೇಕು ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಸಾಲು ತಿದ್ದುವುದು ಈ ಕೆಲಸದ ಸಣ್ಣ ಭಾಗ. ತಪ್ಪು ನಿಮ್ಮದಾಗಿದ್ದು, ಬೈಗುಳ ಇನ್ನೊಬ್ಬರ ತಲೆಯ ಮೇಲೆ ಬೀಳುತ್ತಿರುವಾಗ ಬಾಯಿ ಬಿಡಬೇಕೋ ಬೇಡವೋ ಎಂಬ ಪ್ರಶ್ನೆ ನಿಮಗೂ ಒಂದು ದಿನ ಬರುತ್ತದೆ. ನನಗೆ ಬಂದಾಗ ನಾನು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಜೇವರ್ಗಿಯ ಶಾಂತಾ ಎಂಬ ಹೆಣ್ಣುಮಗಳ ಕೆಲಸ ಉಳಿಯುವುದು ಹೋಗುವುದು ಆ ಎರಡು ದಿನ ನನ್ನ ನಾಲಿಗೆಯ ಮೇಲಿತ್ತು. ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದರೆ ಬರೀ ಬಡಾಯಿಯಾಗುತ್ತದೆ.

ನಾನು ನರೋಣಾದವಳು. ಮೊದಲ ಕೆಲಸ ಭೂಸನೂರ ಕಡೆ ಕಬ್ಬು ತೂಗುವ ಕಟ್ಟೆಯಲ್ಲಿ. ತೂಕದ ಚೀಟಿಯನ್ನು ಕಂಪ್ಯೂಟರಿಗೆ ಹಾಕುವುದು. ಕರೆಂಟು ಹೋಗಿ ಗಾಡಿಗಳ ಸಾಲು ರಸ್ತೆಯವರೆಗೆ ನಿಂತರೆ ಗಾಡಿಯವರು ಕರೆಂಟಿನವರನ್ನು ಬೈಯುತ್ತಿರಲಿಲ್ಲ, ಕಿಟಕಿಯಲ್ಲಿ ಕಾಣುತ್ತಿದ್ದ ನನ್ನನ್ನು ಬೈಯುತ್ತಿದ್ದರು. ಹಾಗಾಗಿ ಮಷಿನ್ ನಿಂತರೆ ನನಗೆ ಗಾಬರಿಯಾಗುವುದಿಲ್ಲ, ಸಿಟ್ಟು ಬರುತ್ತದೆ. ಆ ಸಿಟ್ಟನ್ನೇ ನಂಬಿ ನಲವತ್ತು ದಾಟಿದ ಮೇಲೆ ಆಟ ತಯಾರಿಸುವ ಕಂಪನಿಗೆ ಸೇರಿದೆ. ನೆಂಟರು ನಕ್ಕರು. ಈ ವಯಸ್ಸಿನಲ್ಲಿ ಆಟ ಆಡಿದ್ದಕ್ಕೆ ಪಗಾರ ಕೊಡುತ್ತಾರೇನು ಎಂದು ಕೇಳಿದರು.

ಕಂಪನಿಯ ಕಚೇರಿ ಕಲಬುರಗಿಯಲ್ಲಿ. ಮಕ್ಕಳು ಫೋನಿನಲ್ಲಿ ಆಡಿ ಕಲಿಯುವ ಆಟಗಳು ಅಲ್ಲಿ ಹುಟ್ಟುತ್ತಿದ್ದವು. ಮಾಲೀಕರನ್ನು ನಾವೆಲ್ಲ ಸಾಹೇಬ್ರು ಎನ್ನುತ್ತಿದ್ದೆವು. ಒಂದು ಊರಲ್ಲಿ ಕರೆಂಟು ಹೋದರೂ ಇನ್ನೊಂದು ಊರಲ್ಲಿ ಕೆಲಸ ನಡೆಯಬೇಕು ಎಂದು ಅವರು ಬಿಲ್ಡ್ ಸರ್ವರುಗಳನ್ನು ಹಂಚಿಟ್ಟಿದ್ದರು. ಆಳಂದದಲ್ಲಿ ನಾಲ್ಕು, ಅಫಜಲಪುರದಲ್ಲಿ ನಾಲ್ಕು, ಜೇವರ್ಗಿಯಲ್ಲಿ ಮೂರು. ಬಿಲ್ಡ್ ಸರ್ವರ್ ಎಂದರೆ ಚಿತ್ರ, ದನಿ, ಬರೆದ ಕೋಡು ಎಲ್ಲವನ್ನೂ ಸೇರಿಸಿ ಫೋನಿಗೆ ಹೋಗುವ ಆಟವನ್ನಾಗಿ ಕಟ್ಟುವ ಮಷಿನ್. ಕಟ್ಟಲು ಅದಕ್ಕೆ ಗೇಮ್ ಎಂಜಿನ್ ಎಂಬ ದೊಡ್ಡ ಪ್ರೋಗ್ರಾಮ್ ಬೇಕು. ಹನ್ನೊಂದರಲ್ಲೂ ಎಂಜಿನ್ ಒಂದೇ ಆವೃತ್ತಿಯದಾಗಿರಬೇಕು. ಒಂದರಲ್ಲಿ ಬೇರೆಯಾದರೂ ಅಲ್ಲಿ ಕಟ್ಟಿದ ತುಂಡು ಉಳಿದವಕ್ಕೆ ಹೊಂದುವುದಿಲ್ಲ. ಆ ಎಂಜಿನ್ ಕೂರಿಸುವುದು ನನ್ನ ಕೆಲಸ.

ಮೊದಲ ವರ್ಷಗಳಲ್ಲಿ ಅದು ಕೈಗೆಲಸ. ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ರೊಟ್ಟಿ ಬುತ್ತಿಯ ಪಕ್ಕ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಒಂದೊಂದು ಮಷಿನ್ ಮುಂದೆ ಕುಳಿತು ಅದೇ ಗುಂಡಿ, ಅದೇ ಟಿಕ್ಕು, ಅದೇ ಕಾಯುವುದು. ಮೂರು ಊರು ಮುಗಿಯಲು ಒಂದು ವಾರ. ವಾರದ ಕೊನೆಗೆ ಕಣ್ಣು ಮಂಜಾಗಿ ಒಮ್ಮೆ ಅಫಜಲಪುರದ ಒಂದು ಮಷಿನ್ನಿಗೆ ಹಳೆಯ ಆವೃತ್ತಿ ಕೂರಿಸಿ ಬಂದೆ. ಆಟದಲ್ಲಿದ್ದ ಬಿಳಿ ಎತ್ತು ಕೊಂಬಿನಿಂದ ಬಾಲದವರೆಗೆ ಅಚ್ಚ ಗುಲಾಬಿಯಾಗಿ ನಿಂತಿತು. ಎಂಜಿನ್ನಿಗೆ ಬಣ್ಣದ ಲೆಕ್ಕ ಸಿಗದಿದ್ದರೆ ಹಾಗೆ ಮಾಡುತ್ತದೆ.

ಸಾಹೇಬ್ರು ಫೋನ್ ಮಾಡಿದರು. ‘ನೀಲಮ್ಮನವರ, ಎತ್ತಿನ ಕೂಡ ಹೋಳಿ ಆಡಿ ಬಂದೀರೇನು?’

ಕಚೇರಿಯಲ್ಲಿ ಎಲ್ಲರೂ ನಕ್ಕರು, ನಾನು ನಗಲಿಲ್ಲ. ಮರುದಿನವೇ ಸ್ಕ್ರಿಪ್ಟ್ ಬರೆಯಲು ಕುಳಿತೆ. ನಾನು ಕೂರುತ್ತಿದ್ದ ಆಳಂದದಲ್ಲಿ ಒಂದು ಗುಂಡಿ ಒತ್ತಿದರೆ ಹನ್ನೊಂದೂ ಮಷಿನ್ ತಾವೇ ಎಂಜಿನ್ ಕೂರಿಸಿಕೊಳ್ಳಬೇಕು ಎಂಬ ಹಟ. ಸ್ಕ್ರಿಪ್ಟ್ ಮಾಡುವುದು ಮೂರೇ ಕೆಲಸ. ಮಷಿನ್ನಿನ ಒಂದು ಡ್ರೈವನ್ನು ಪೂರ್ತಿ ಖಾಲಿ ಮಾಡುತ್ತದೆ, ಯಾಕೆಂದರೆ ಹಳೆಯ ಎಂಜಿನ್ನಿನ ಚೂರು ಉಳಿದರೆ ಮತ್ತೆ ಗುಲಾಬಿ ಎತ್ತು. ಆಮೇಲೆ ಹೊಸದನ್ನು ತಂದು ಬಿಚ್ಚುತ್ತದೆ. ಕೊನೆಗೆ ಒಂದು ಸಣ್ಣ ಆಟ ಕಟ್ಟಿ ನೋಡುತ್ತದೆ. ಖಾಲಿ ಮಾಡುವ ಮೊದಲು ಆಯಾ ಊರಿನ ಪರದೆಯ ಮೇಲೆ ಮಷಿನ್ನಿನ ಹೆಸರು ತೋರಿಸಿ, ಖಾಲಿ ಮಾಡಲೇ ಎಂದು ಕೇಳುವಂತೆ ಬರೆದಿದ್ದೆ.

ಆ ಪ್ರಶ್ನೆ ನನ್ನ ತಲೆ ತಿಂದಿತು. ಅಫಜಲಪುರದಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದ ರಾಚಪ್ಪ ಬಹಳ ಎಚ್ಚರಿಕೆಯ ಮನುಷ್ಯ. ಪರದೆಯ ಮೇಲೆ ಪ್ರಶ್ನೆ ಬಂದರೆ ನನ್ನನ್ನು ಕೇಳದೆ ಬೆರಳು ಇಡುತ್ತಿರಲಿಲ್ಲ. ‘ಅಕ್ಕಾರ, ಖಾಲಿ ಮಾಡ್ಲೇನು ಅಂತ ಕೇಳಾಕತ್ತದ್ರಿ. ಏನ ಹೇಳ್ಲಿ?’ ನಾಲ್ಕು ಮಷಿನ್ನಿಗೆ ನಾಲ್ಕು ಫೋನು. ನಾನು ಬಸ್ಸಿನಲ್ಲಿರಲಿ, ತಂಗಿಯ ಮಗಳ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಿರಲಿ, ಫೋನು ಬರುತ್ತಿತ್ತು. ಅಂಥ ಒಂದು ದಿನ ಸಿಟ್ಟಿನಿಂದ ಆ ಪ್ರಶ್ನೆಯ ಸಾಲನ್ನೇ ಕಿತ್ತುಹಾಕಿದೆ. ಯಾರಿಗೂ ಹೇಳಲಿಲ್ಲ. ಅಲ್ಲಿಂದ ಸ್ಕ್ರಿಪ್ಟ್ ಬೆಣ್ಣೆಯಂತೆ ಓಡಿತು. ವಾರದ ಕೆಲಸ ಅರ್ಧ ದಿನಕ್ಕೆ ಮುಗಿಯತೊಡಗಿತು. ಸಾಹೇಬ್ರು ಬಂದವರಿಗೆಲ್ಲ ನನ್ನನ್ನು ತೋರಿಸಿ, ‘ಮೂರು ಊರು, ಹನ್ನೊಂದು ಮಷಿನ್, ಒಂದೇ ಗುಂಡಿ’ ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ರುಚಿ ಹತ್ತಿತ್ತು.

ಶಾಂತಾ ಜೇವರ್ಗಿಯ ಮಷಿನ್ ಕೋಣೆ ನೋಡಿಕೊಳ್ಳುತ್ತಿದ್ದಳು. ಮೊದಲು ಬ್ಲೌಸ್ ಹೊಲಿಯುತ್ತಿದ್ದವಳು. ಕೀಲಿ ತೆಗೆಯುವುದು, ಧೂಳು ಒರೆಸುವುದು, ಮಷಿನ್ ಚಾಲೂ ಮಾಡುವುದು ಎಂದು ಶುರುವಾದ ಕೆಲಸ. ಒಮ್ಮೆ ಆಕೆಯ ಮಾತು ಕೇಳಿದ ಸಾಹೇಬ್ರು ಆಕೆಯನ್ನು ಮೈಕಿನ ಮುಂದೆ ಕೂರಿಸಿದರು. ಆಗ ನಾವು ಕಣ್ಣು ಕಾಣದ ಮಕ್ಕಳ ಶಾಲೆಗೆಂದು ಒಂದು ಆಟ ಮಾಡುತ್ತಿದ್ದೆವು. ಅದರಲ್ಲಿ ಚಿತ್ರವೇ ಇಲ್ಲ, ಇರುವುದೆಲ್ಲ ಸಪ್ಪಳ ಮತ್ತು ದನಿ. ಮಗು ಕಿವಿಯಿಂದ ದಾರಿ ಹುಡುಕುತ್ತ ಮನೆಯಿಂದ ಶಾಲೆಗೆ ಹೋಗಬೇಕು. ಕರೆದುಕೊಂಡು ಹೋಗುವ ದನಿ ಶಾಂತಾಳದು. ‘ಎಡಕ್ಕ ಸರಿ ಕಂದಾ, ಅಲ್ಲಿ ನಳದ ನೀರು ಬೀಳಾಕತ್ತದ, ಕೇಳಸ್ತದಲ್ಲ?’ ಎಂದು ಆಕೆ ಹೇಳಿದರೆ ಕಣ್ಣಿದ್ದ ನಾವೂ ಎಡಕ್ಕೆ ವಾಲುತ್ತಿದ್ದೆವು. ಜೇವರ್ಗಿಯ ಕೋಣೆ ದಪ್ಪ ಕಲ್ಲಿನ ಹಳೆಯ ಗೋದಾಮು, ಹೊರಗಿನ ಗದ್ದಲ ಒಳಗೆ ಬರುವುದಿಲ್ಲ. ಎಂಟು ತಿಂಗಳು ಅಲ್ಲಿಯೇ ದನಿ ಹಿಡಿದೆವು. ಅದನ್ನೆಲ್ಲ ಇಟ್ಟಿದ್ದು ಆ ಕೋಣೆಯಲ್ಲಿದ್ದ ನಾಲ್ಕನೆಯ ಮಷಿನ್ನಿನಲ್ಲಿ. ನಾವು ಅದನ್ನು ದನಿ ಮಷಿನ್ ಎನ್ನುತ್ತಿದ್ದೆವು. ಅದು ಬಿಲ್ಡ್ ಸರ್ವರ್ ಅಲ್ಲ, ನನ್ನ ಸ್ಕ್ರಿಪ್ಟಿನ ಪಟ್ಟಿಯಲ್ಲಿ ಇರಲೂ ಇಲ್ಲ.

ಆಟ ಒಪ್ಪಿಸುವ ದಿನ ದಸರೆಯ ಬೆನ್ನಿಗೇ ಇತ್ತು. ಅದಕ್ಕೂ ಮೊದಲು ಹೊಸ ಎಂಜಿನ್ ಕೂರಿಸಬೇಕು. ಎಂಜಿನ್ನಿನ ಕಟ್ಟು, ಅಂದರೆ ಮೂರು ಊರಿಗೂ ಹೋಗುವ ದೊಡ್ಡ ಕಡತ, ಇಡಲು ಆಳಂದದಲ್ಲಿ ಜಾಗ ಸಾಲಲಿಲ್ಲ. ಜೇವರ್ಗಿಯ ದನಿಗಳ ಇದ್ದೊಂದು ನಕಲು ಅಲ್ಲಿಯೇ ಇತ್ತು. ಎರಡು ದಿನದ ಮಾತು, ಆಮೇಲೆ ಮತ್ತೆ ತರಿಸಿಕೊಂಡರಾಯಿತು ಎಂದು ನಾನೇ ಆ ನಕಲನ್ನು ಅಳಿಸಿದೆ. ಇದನ್ನೂ ಯಾರಿಗೂ ಹೇಳಲಿಲ್ಲ.

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ಕಡೆ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಪೂಜೆ. ಶಾಂತಾ ನಾಲ್ಕೂ ಮಷಿನ್ನುಗಳ ವೈರು ಬಿಚ್ಚಿ, ರೌಟರನ್ನೂ ಇಳಿಸಿ, ಒರೆಸಿ, ಚಾಪೆಯ ಮೇಲೆ ಸಾಲಾಗಿ ಕೂರಿಸಿದಳು. ವಿಭೂತಿ, ಕುಂಕುಮ, ಹೂವು, ನಿಂಬೆಹಣ್ಣು. ಅವತ್ತು ಅವು ದುಡಿಯಬಾರದು. ದಶಮಿಯ ಮರುದಿನ ಬೆಳಿಗ್ಗೆ ಮತ್ತೆ ಜೋಡಿಸಿದಳು. ಪ್ರತಿದಿನ ಆಕೆ ಬಿಲ್ಡ್ ಮಷಿನ್ನುಗಳನ್ನು ಒಂದು, ಎರಡು, ಮೂರು ಎಂದು ಚಾಲೂ ಮಾಡಿ ಕೊನೆಗೆ ದನಿ ಮಷಿನ್ ಒತ್ತುವವಳು. ಪೂಜೆಯಾದ ಮೇಲಿನ ಮೊದಲ ದಿನವಲ್ಲವೇ, ಎಲ್ಲಕ್ಕಿಂತ ಹೆಚ್ಚು ಭಕ್ತಿಯಿಂದ ಕಾಣುತ್ತಿದ್ದ ದನಿ ಮಷಿನ್ನಿಗೆ ಕೈ ಮುಗಿದು ಅದನ್ನೇ ಮೊದಲು ಒತ್ತಿದಳು.

ಆ ಅಗ್ಗದ ರೌಟರ್ ಒಮ್ಮೆ ಆರಿ ಹತ್ತಿದರೆ ಹಿಂದಿನದೆಲ್ಲ ಮರೆಯುತ್ತಿತ್ತು. ಮೊದಲು ಎದ್ದ ಮಷಿನ್ನಿಗೆ ಮೊದಲ ವಿಳಾಸ, ಅಂದರೆ ನೆಟ್‌ವರ್ಕಿನ ಮೊದಲ ಸಂಖ್ಯೆ, ಕೊಡುತ್ತಿತ್ತು. ನನ್ನ ಪಟ್ಟಿಯಲ್ಲಿದ್ದದ್ದು ವಿಳಾಸಗಳು ಮಾತ್ರ. ಹನ್ನೊಂದಕ್ಕೂ ದನಿ ಮಷಿನ್ನಿಗೂ ಗುಪ್ತಪದ ಒಂದೇ, ಅದೂ ನನ್ನ ಸೋಮಾರಿತನ. ಹೀಗೆ ಜೇವರ್ಗಿಯ ಮೊದಲನೆಯ ಬಿಲ್ಡ್ ಸರ್ವರ್ ಎಂದುಕೊಂಡು ಸ್ಕ್ರಿಪ್ಟ್ ಬಾಗಿಲು ತಟ್ಟಿದ್ದು ದನಿ ಮಷಿನ್ನಿನದು.

ನಾನು ಆಳಂದದಲ್ಲಿ ಹನ್ನೊಂದು ಗಂಟೆಗೆ ಗುಂಡಿ ಒತ್ತಿ ಚಹಾ ತರಿಸಿಕೊಂಡಿದ್ದೆ. ಪರದೆಯ ಮೇಲೆ ಸಾಲುಗಳು ಏರುತ್ತಿದ್ದವು. ಜೇವರ್ಗಿಯ ಸಾಲು ಬಂತು. ಡ್ರೈವ್ ಖಾಲಿಯಾಯಿತು, ಎಂಜಿನ್ ಬಿಚ್ಚುತ್ತಿದೆ. ಪಕ್ಕದಲ್ಲಿ ಮಷಿನ್ನಿನ ಹೆಸರು: ದನಿ. ಒಮ್ಮೆ ಓದಿದೆ, ಅರ್ಥವಾಗಲಿಲ್ಲ. ಎರಡನೆಯ ಸಲ ಓದಿದಾಗ ಅರ್ಥವಾಯಿತು.

ಸ್ಕ್ರಿಪ್ಟ್ ನಿಲ್ಲಿಸಿದೆ. ನಿಂತದ್ದು ನನ್ನ ಪರದೆಯಲ್ಲಿ ಮಾತ್ರ. ಜೇವರ್ಗಿಗೆ ತಲುಪಿದ ಕಟ್ಟು ಅಲ್ಲಿಯೇ ಬಿಚ್ಚಿಕೊಳ್ಳುತ್ತಿತ್ತು. ಖಾಲಿ ಮಾಡಿದ ಡ್ರೈವಿನಲ್ಲಿ ಹಳೆಯದು ತಕ್ಷಣ ಹೋಗುವುದಿಲ್ಲ, ಅದರ ಮೇಲೆ ಹೊಸದು ಬರೆದಷ್ಟೂ ಹೋಗುತ್ತದೆ. ಒಂದೊಂದು ನಿಮಿಷಕ್ಕೂ ದನಿಗಳು ಅಳಿಯುತ್ತಿದ್ದವು. ಶಾಂತಾಳ ಫೋನಿಗೆ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಎತ್ತಲಿಲ್ಲ. ದನಿ ಹಿಡಿಯುವ ಕೋಣೆಗೆ ಫೋನ್ ತರಕೂಡದು ಎಂದು ನಿಯಮ ಮಾಡಿದವಳು ನಾನೇ. ಮೂರನೆಯ ಸಲಕ್ಕೆ ಬಾಗಿಲಿಗೆ ಬಂದು ಎತ್ತಿದಳು.

‘ಶಾಂತಾ, ದನಿ ಮಷಿನಿನ ವೈರ್ ಕೀಳು. ಈಗಿಂದೀಗ.’

‘ಯಾಕ ನೀಲಕ್ಕ? ಅದು ಚಾಲೂ ಅದ. ಲೈಟ್ ಮಿಣಮಿಣ ಅನ್ನಾಕತ್ತದ.’

‘ಅದಕ್ಕೇ ಹೇಳಾಕತ್ತೇನಿ. ಕೀಳು.’

‘ಚಾಲೂ ಇದ್ದಾಗ ಯಾರು ಹೇಳಿದ್ರೂ ವೈರ್ ಮುಟ್ಟಬ್ಯಾಡ ಅಂತ ನೀವೇ ಹೇಳೀರಿ. ಸಾಹೇಬ್ರು ಹೇಳಿದ್ರೂ ಮುಟ್ಟಬ್ಯಾಡ ಅಂದೀರಿ.’

‘ಹೇಳೇನಿ, ತಪ್ಪಾತು. ಮೊದಲ ಕೀಳ ಬೇ, ಆಮ್ಯಾಲೆ ನನಗ ಬೈಯುವಂತಿ.’

ಓಡಿದ ಸಪ್ಪಳ ಕೇಳಿತು. ‘ಕಿತ್ತೇನಿ ನೀಲಕ್ಕ. ಆದ್ರೂ ಲೈಟ್ ಆರವಲ್ದು. ಏನೋ ಪೀಂ ಪೀಂ ಅನ್ನಾಕತ್ತದ.’

ಗೋಡೆಯ ಪ್ಲಗ್ ಕಿತ್ತಿದ್ದಳು. ಮಷಿನ್ ಯುಪಿಎಸ್ ಬ್ಯಾಟರಿಯ ಮೇಲೆ ಆರಾಮಾಗಿ ಓಡುತ್ತಿತ್ತು. ‘ಗ್ವಾಡಿದಲ್ಲ, ಮಷಿನಿನ ಬೆನ್ನಾಗಿಂದು. ಕರೀದು, ದಪ್ಪಂದು.’ ವೈರು ಜಗ್ಗಿದ ಸಪ್ಪಳ ಬಂತು. ಆಮೇಲೆ ಆಕೆ ಹೇಳಿದಳು. ‘ಆರಿತು. ಏನಾಗೇದ ನೀಲಕ್ಕ?’

‘ಬಂದು ಹೇಳ್ತೇನಿ’ ಎಂದು ಫೋನಿಟ್ಟೆ. ಚಹಾ ಮುಟ್ಟಲಿಲ್ಲ. ಆಳಂದದಿಂದ ಕಲಬುರಗಿ, ಅಲ್ಲಿಂದ ಬಸ್ಸು ಬದಲಿಸಿ ಜೇವರ್ಗಿ. ಬಸ್ಸಿನಲ್ಲಿ ಜಾಗ ಸಿಕ್ಕಿದರೂ ಕೂರಲಾಗಲಿಲ್ಲ. ಕಂಡಕ್ಟರ್ ಎರಡು ಸಲ ನೋಡಿ, ‘ಕೂಡ್ರಿ ಅಕ್ಕಾರ, ನಿಂತ್ರ ಬಸ್ ಜಲ್ದಿ ಮುಟ್ಟಂಗಿಲ್ಲ’ ಎಂದ. ಒಪ್ಪಿಸಲು ನಾಲ್ಕು ದಿನವಿತ್ತು. ಎಂಟು ತಿಂಗಳ ದನಿ ನಾಲ್ಕು ದಿನದಲ್ಲಿ ಮತ್ತೆ ಬರುವುದಿಲ್ಲ.

ಮಧ್ಯಾಹ್ನ ಜೇವರ್ಗಿ ತಲುಪಿ ಡಿಸ್ಕ್ ಬಿಚ್ಚಿದೆ. ಬೇರೆ ಮಷಿನ್ನಿಗೆ ಜೋಡಿಸಿ, ಅದರ ಮೇಲೆ ಒಂದಕ್ಷರವೂ ಬರೆಯದ ಹಾಗೆ ಕಟ್ಟುನಿಟ್ಟು ಮಾಡಿ, ಅಳಿದ ಕಡತ ಹುಡುಕುವ ಪ್ರೋಗ್ರಾಮ್ ಓಡಿಸಿದೆ. ಸಂಜೆಯ ಹೊತ್ತಿಗೆ ಒಂದೊಂದಾಗಿ ಬರತೊಡಗಿದವು. ಬಂದವಕ್ಕೆ ಹೆಸರಿರಲಿಲ್ಲ, ಬರೀ ಸಂಖ್ಯೆ. ಯಾವುದು ಎಲ್ಲಿಯದು ಎಂದು ಕೇಳಿಯೇ ಗುರುತಿಸಬೇಕು. ಶಾಂತಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತನ್ನ ದನಿಯನ್ನು ತಾನೇ ಕೇಳುತ್ತ ಹೆಸರು ಬರೆಯುತ್ತಾ ಹೋದಳು. ಪಕ್ಕದಲ್ಲಿ ಕುಳಿತು ನಾನು ಪಟ್ಟಿಗೆ ಟಿಕ್ ಹಾಕಿದೆ. ಮರುದಿನ ಮಧ್ಯಾಹ್ನಕ್ಕೆ ಲೆಕ್ಕ ಸಿಕ್ಕಿತು. ಬಹುಪಾಲು ಉಳಿದಿತ್ತು. ಹೋದದ್ದು ಕೊನೆಯ ಭಾಗ, ಮಗು ಶಾಲೆಯ ಬಾಗಿಲು ಮುಟ್ಟುವ ಭಾಗ.

ದನಿ ಹೋದ ಸುದ್ದಿ ಕೇಳಿ ಆ ಮಧ್ಯಾಹ್ನವೇ ಸಾಹೇಬ್ರು ಬಂದರು. ಮಷಿನ್ನುಗಳ ಮೇಲಿನ ಕುಂಕುಮ ನೋಡಿದರು, ರೌಟರ್ ನೋಡಿದರು. ತಿಳಿದ ಮನುಷ್ಯ, ಅರ್ಧ ಅವರಿಗೇ ಹೊಳೆಯಿತು.

‘ವೈರ್ ಬಿಚ್ಚಿದ್ದು ಯಾರು?’

‘ನಾನ್ರಿ ಸಾಹೇಬ್ರ’ ಎಂದಳು ಶಾಂತಾ. ‘ಪೂಜಾ ಮಾಡಿದ್ನ್ರಿ. ದನಿ ಮಷಿನ್ ಮೊದಲ ಚಾಲೂ ಮಾಡಿದ್ನ್ರಿ.’

‘ಯಾರನ್ನ ಕೇಳಿ?’

‘ಪ್ರತಿ ವರ್ಷ ಮಾಡ್ತೀವಲ್ರಿ.’

‘ಪ್ರತಿ ವರ್ಷ ಹಿಂಗ ಆಗಿಲ್ಲ. ಹೋದದ್ದು ಮತ್ತ ಮಾತಾಡಿ ಕೊಡು. ತಿಂಗಳ ಮುಗಿದ ಮ್ಯಾಲೆ ಕೀಲಿ ನೀಲಮ್ಮನವರ ಕೈಯಾಗ ಕೊಟ್ಟು ಹೋಗು.’

ಅವರು ನನ್ನ ಕಡೆ ನೋಡಿದರು. ಹೇಳಲು ಏನಾದರೂ ಇದೆಯೇ ಎನ್ನುವ ನೋಟ. ನಾನು ಪಟ್ಟಿಯ ಮೇಲೆ ಕಣ್ಣಿಟ್ಟು ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ. ವಿಳಾಸ ಅದಲುಬದಲಾದದ್ದು ನಿಜ. ಆದರೆ ಆ ಪ್ರಶ್ನೆ ಇದ್ದಿದ್ದರೆ ಶಾಂತಾ ಪರದೆಯ ಮೇಲೆ ದನಿ ಎಂಬ ಹೆಸರು ಓದಿ ಬೇಡ ಎನ್ನುತ್ತಿದ್ದಳು. ನಕಲು ಅಳಿಸದಿದ್ದರೆ ಎಲ್ಲ ಹೋಗಿದ್ದರೂ ಒಂದು ಗಂಟೆಯ ಕೆಲಸ. ಎರಡೂ ನನಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಾಗುವ ದಾರಿ ಇರಲಿಲ್ಲ. ಯಾಕೆ ಸುಮ್ಮನಿದ್ದೆ ಎಂದರೆ ನಾಚಿಕೆ. ಒಂದೇ ಗುಂಡಿಯ ನೀಲಮ್ಮ ಎಂದು ಊರಿಗೆಲ್ಲ ತೋರಿಸಿಕೊಂಡವಳು ನಾನು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಹೆಸರು ಕೆಡಿಸಿಕೊಂಡು ಹೋಗಲು ಮನಸ್ಸಾಗಲಿಲ್ಲ. ಸಾಹೇಬ್ರು ಹೋದ ಮೇಲೆ ಶಾಂತಾ ಚಹಾ ತಂದಳು. ಇಬ್ಬರೂ ಕುಡಿದೆವು. ಆ ಚಹಾ ನನ್ನ ಗಂಟಲಲ್ಲಿ ಇಳಿಯಿತಲ್ಲ ಎಂದು ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಮರುದಿನವೆಲ್ಲ ಸಿಕ್ಕ ದನಿಗಳನ್ನು ಜೋಡಿಸಿದೆವು. ಅವತ್ತೂ ನಾನು ಹೇಳಲಿಲ್ಲ. ಒಪ್ಪಿಸುವ ಹಿಂದಿನ ದಿನ ಬೆಳಿಗ್ಗೆ ಶಾಂತಾ ಕೊನೆಯ ಭಾಗ ಹೇಳಲು ಮೈಕಿನ ಮುಂದೆ ಕುಳಿತಳು. ‘ಬಂದಿ ಕಂದಾ, ಮುಟ್ಟಿದಿ ನೋಡು’ ಎಂದು ಶುರು. ಕಂದಾ ಎನ್ನುವಲ್ಲಿ ದನಿ ಒಡೆಯಿತು. ನೀರು ಕುಡಿದು ಮತ್ತೆ ಹೇಳಿದಳು. ಮತ್ತೆ ಅಲ್ಲೇ. ಐದು ಸಲ, ಆರು ಸಲ. ಸಂಜೆಯೊಳಗೆ ಆಟ ಕಟ್ಟಿ ಮುಗಿಸಬೇಕಿತ್ತು, ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

‘ಆಗವಲ್ದು ನೀಲಕ್ಕ. ಕಣ್ಣಿಲ್ಲದ ಕೂಸುಗಳ್ರಿ ಅವು. ದನಿಯಾಗ ಅಳು ಇದ್ರ ಗೊತ್ತಾಗ್ತದ. ಬಾಗಿಲಿಗೆ ಬಂದು ಅಂಜಿ ನಿಂತುಬಿಡ್ತಾವ.’

ನಾನು ಹೊರಗಿಟ್ಟಿದ್ದ ಫೋನ್ ತಂದು ಸಾಹೇಬ್ರಿಗೆ ಹಚ್ಚಿದೆ. ಆಕೆಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

‘ಸಾಹೇಬ್ರ, ದನಿ ಹೋಗಿದ್ದು ಶಾಂತಾನಿಂದ ಅಲ್ರಿ. ಅಳಸೋಕಿಂತ ಮೊದಲ ಸ್ಕ್ರಿಪ್ಟ್ ಒಂದು ಪ್ರಶ್ನೆ ಕೇಳ್ತಿತ್ತು. ಅದನ್ನ ಕಿತ್ತು ಹಾಕಿದಾಕಿ ನಾನು. ಆಳಂದದಾಗಿನ ನಕಲು ಅಳಸಿದಾಕಿನೂ ನಾನೇ.’

‘ಇದು ನಿಮಗ ಯಾವಾಗ ಗೊತ್ತಾತು?’

‘ಮೊದಲ ದಿನಾನೇ ಗೊತ್ತಿತ್ರಿ.’

‘ನಾ ಬಂದಾಗ ಅಲ್ಲೇ ಕೂತಿದ್ರಿ.’

‘ಹೌದ್ರಿ. ಅಂಜಿ ಸುಮ್ಮನಿದ್ದೆ. ತೆಗೆಯೋದಿದ್ರ ನನ್ನ ತೆಗೀರಿ.’

‘ಆಕಿ ಕೆಲಸ ಆಕೀದೇ. ಕೀಲಿ ಆಕಿ ಕಡೆನೇ ಇರ್ಲಿ. ನೀವು ನಾಡಿದ್ದು ಕಲಬುರಗಿಗೆ ಬರ್ರಿ, ನಿಮ್ಮ ಮಾತು ಬ್ಯಾರೆ ಅದ’ ಎಂದು ಇಟ್ಟರು.

ಕಲಬುರಗಿಯಲ್ಲಿ ಏನಾಯಿತೆಂದರೆ, ನನ್ನನ್ನು ತೆಗೆಯಲಿಲ್ಲ. ಎಲ್ಲರ ಮುಂದೆ ಸ್ಕ್ರಿಪ್ಟಿನ ಸಾಲು ಸಾಲನ್ನೂ ಓದಿಸಿದರು. ಅದಾದ ಮೇಲೆ ವಿಳಾಸದ ಬದಲು ಮಷಿನ್ನಿನ ಮೈಮೇಲಿನ ಕ್ರಮಸಂಖ್ಯೆ ನೋಡಿಯೇ ಒಳಗೆ ಹೋಗುವಂತೆ ಬರೆದೆ. ಗುಪ್ತಪದಗಳು ಬೇರೆ ಬೇರೆಯಾದವು. ಖಾಲಿ ಮಾಡುವ ಮೊದಲು ಆ ಊರಿನವರು ಒಪ್ಪದೆ ಒಂದಡಿಯೂ ಮುಂದೆ ಹೋಗುತ್ತಿರಲಿಲ್ಲ. ಹೊಸಬರಿಗೆ ಬೇಕಾದ ಪಾಠ ಇಷ್ಟೇ ಆಗಿದ್ದರೆ ನಾಲ್ಕು ಸಾಲಲ್ಲಿ ಬರೆದು ಮುಗಿಸುತ್ತಿದ್ದೆ.

ಆದರೆ ಅವತ್ತು ಆ ಕೋಣೆಯಲ್ಲಿ ಫೋನಿಟ್ಟ ಮೇಲೆ ನಾನು ಶಾಂತಾಳ ಮುಖ ನೋಡಿದೆ. ಕೆಲಸ ಉಳಿಯಿತಲ್ಲ, ಹಗುರಾಗಿರುತ್ತಾಳೆ ಎಂದುಕೊಂಡಿದ್ದೆ. ಆಕೆ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಳು.

‘ಎರಡು ದಿನ ಮನ್ಯಾಗ ಒಲಿ ಹಚ್ಚಾಕ ಮನಸ್ಸಾಗಿಲ್ಲ ನನಗ. ನಂದೇ ತಪ್ಪು ಅಂತ ದೇವರ ಮುಂದ ಕೂತು ಅತ್ತೇನಿ. ಪೂಜಾದಾಗ ಏನ ಕಡಿಮಿ ಮಾಡಿದೆ ಅಂತ ಕೇಳೇನಿ. ನೀವು ನನ್ನ ಬಾಜೂಕೇ ಕೂತು ಪಟ್ಟಿ ಬರೀತಿದ್ರಿ.’

‘ತಪ್ಪಾತು ಶಾಂತಾ.’

‘ಹೊರಗ ನಡೀರಿ. ನೀವು ಎದುರಿಗಿದ್ರ ನನಗ ದನಿ ಬರಂಗಿಲ್ಲ.’

ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತೆ. ಗೋಡೆ ದಪ್ಪ, ಒಳಗಿನ ಒಂದು ಮಾತೂ ಕೇಳಿಸಲಿಲ್ಲ. ಎಷ್ಟು ಸಲ ಹೇಳಿದಳೋ, ಎಲ್ಲಿ ತಡೆದಳೋ ನನಗೆ ಗೊತ್ತಿಲ್ಲ. ಸುಮಾರು ಒಂದು ತಾಸಿನ ಮೇಲೆ ಬಾಗಿಲು ತೆರೆಯಿತು. ಆಕೆ ಮುಖ ತೊಳೆದುಕೊಂಡಿದ್ದಳು.

‘ಮುಗೀತು ಮೇಡಂ. ಕೇಳಿ ನೋಡ್ರಿ.’

ಕೇಳಿದೆ. ಬಾಗಿಲಿಗೆ ಬಂದ ಮಗುವನ್ನು ಎತ್ತಿಕೊಳ್ಳುವಂಥ ದನಿ, ಅಳುವಿನ ಎಳೆಯೂ ಇರಲಿಲ್ಲ. ಆಟ ಹೊತ್ತಿಗೆ ಸರಿಯಾಗಿ ಹೋಯಿತು. ಅದಾದ ಮೇಲೆ ನಾವಿಬ್ಬರೂ ಎರಡು ವರ್ಷ ಜೊತೆಗೇ ದುಡಿದೆವು. ಒಂದು ದಿನವೂ ಜಗಳವಾಗಲಿಲ್ಲ, ಆಕೆ ನನಗೆ ಎದುರಾಡಲೂ ಇಲ್ಲ, ನೀಲಕ್ಕ ಎಂದು ಕರೆಯಲೂ ಇಲ್ಲ. ನಾನು ಜೇವರ್ಗಿಗೆ ಹೋದಾಗಲೆಲ್ಲ ಬರ್ರಿ ಮೇಡಂ, ಕೂಡ್ರಿ ಮೇಡಂ ಎಂದು ಕುರ್ಚಿ ಒರೆಸಿ ಕೊಡುತ್ತಿದ್ದಳು. ಬೀಳ್ಕೊಡುವ ದಿನ ಹೂವಿನ ಹಾರ ಹಾಕಿ, ‘ಆರಾಮ ಇರ್ರಿ ಮೇಡಂ’ ಎಂದು ಕೈ ಮುಗಿದಳು.